ಎಲ್ಲಾ ಒಂದೇ ಕಡೆ ಮಾಡಿಸಿಕೊಡ್ತೀನಿ ಅಂತ ಬಂದವರಿಗೆ ನಿಮ್ಮ ಓಟಿಪಿ ಕೊಡಬೇಡಿ

ನಮ್ಮದು ಇಳಕಲ್ ಹತ್ತಿರದ ಒಂದು ಹಳ್ಳಿ, ಬಾಗಲಕೋಟೆ ಜಿಲ್ಲೆ. ಅಪ್ಪ ಮಗ್ಗ ನೇಯುತ್ತಾರೆ. ಅವ್ವ ಸೀರೆಯ ಒಡಲಿಗೂ ಸೆರಗಿಗೂ ಕೊಂಡಿ ಹಾಕುತ್ತಾಳೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನನ್ನ ತಮ್ಮನಿಗೆ ಈಗ 19 ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ನಡೆಯಲು ಬರುವುದಿಲ್ಲ, ಕೈ ಬಿಗಿ, ಮಾತು ಮನೆಯವರಿಗೆ ಮಾತ್ರ ತಿಳಿಯುತ್ತದೆ. ತಲೆ ಮಾತ್ರ ಚುರುಕು. ವಾರದ ಕೂಲಿ ಲೆಕ್ಕದಲ್ಲಿ ಅಪ್ಪ ತಪ್ಪಿದರೆ ಮಲಗಿದಲ್ಲಿಂದಲೇ ಕೂಗುತ್ತಾನೆ.

ಇದನ್ನು ಬರೆಯುವುದು ನನಗೆ ಇಷ್ಟದ ಕೆಲಸ ಅಲ್ಲ. ಮೋಸ ಹೋದವರು ದಡ್ಡರು ಅಂತ ಜನ ನಗುತ್ತಾರೆ. ಆದರೆ ನಮಗೆ ಮೋಸ ಮಾಡಿದ ಮನುಷ್ಯ ಪಕ್ಕದ ಎರಡು ಊರಲ್ಲೂ ತಿರುಗಾಡಿದ್ದಾನೆ ಅಂತ ಆಮೇಲೆ ಗೊತ್ತಾಯಿತು. ಇನ್ನೆಷ್ಟು ಮನೆಗೆ ಹೋಗಿದ್ದಾನೋ.

ನಾವು ಯಾಕೆ ಸಿಕ್ಕಿಬಿದ್ದೆವು ಅನ್ನುವುದನ್ನು ಮೊದಲು ಹೇಳಬೇಕು. ತಮ್ಮ ಚಿಕ್ಕವನಿದ್ದಾಗ ಶಿಕ್ಷಣ ಇಲಾಖೆಯಿಂದ ಬಿ.ಐ.ಇ.ಆರ್.ಟಿ., ಅಂದರೆ ಅಂಗವಿಕಲ ಮಕ್ಕಳಿಗೆ ಕಲಿಸುವ ಟೀಚರ್, ಮನೆಗೇ ಬರುತ್ತಿದ್ದರು. ಗೃಹಾಧಾರಿತ ಶಿಕ್ಷಣ ಅನ್ನುತ್ತಾರೆ, ಶಾಲೆಗೆ ಬರಲು ಆಗದ ಮಕ್ಕಳಿಗೆ ಇರುವ ವ್ಯವಸ್ಥೆ. ಅಕ್ಷರ, ಲೆಕ್ಕ ಕಲಿಸಿದ್ದು ಅವರೇ. ಕೈಕಾಲು ಹೇಗೆ ಆಡಿಸಬೇಕು ಅಂತ ಅವ್ವನಿಗೆ ತೋರಿಸಿದ್ದೂ ಅವರೇ. 18 ತುಂಬಿದ ಮೇಲೆ ಅವರು ಬರುವುದು ನಿಂತಿತು. ತಪ್ಪು ಅವರದಲ್ಲ, ಯೋಜನೆ ಇರುವುದೇ ಶಾಲೆಯ ವಯಸ್ಸಿನ ಮಕ್ಕಳಿಗೆ. ಮಕ್ಕಳ ಆರೋಗ್ಯ ತಪಾಸಣೆಯ ಆರ್.ಬಿ.ಎಸ್.ಕೆ. ಕೂಡ 18ಕ್ಕೇ ಮುಗಿಯುತ್ತದೆ. ಮುಂದೆ ಏನು, ಯಾರನ್ನು ಕೇಳಬೇಕು ಅಂತ ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಸುಮ್ನೆ ಇದ್ದೆವು.

ಅಂಥ ಹೊತ್ತಿನಲ್ಲಿ ಆತ ಬಂದ. ಕೊರಳಲ್ಲಿ ಫೋಟೋ ಇದ್ದ ಗುರುತಿನ ಚೀಟಿ, ಅದರ ಅಂಚಿಗೆ ಕೇಸರಿ, ಬಿಳಿ, ಹಸಿರು ಪಟ್ಟಿ, ಕೆಳಗೆ 'ಸಮನ್ವಯ ಅಧಿಕಾರಿ' ಅಂತ ಬರಹ. ಕೈಯಲ್ಲಿ ಟ್ಯಾಬ್. ಯಾವ ಇಲಾಖೆ ಅಂತ ಅಪ್ಪ ಕೇಳಿದರೆ, 'ಎಲ್ಲಾ ಇಲಾಖೆಗೂ ನಾವ ನೋಡ್ರಿ' ಅಂದ. ಈಗ ನೆನೆಸಿಕೊಂಡರೆ ಆ ಉತ್ತರದಲ್ಲೇ ಎಲ್ಲಾ ಇತ್ತು.

'ಅಕ್ಕಾರ, ನೀವೇನ್ ಚಿಂತಿ ಮಾಡಬ್ಯಾಡ್ರಿ. ಯುಡಿಐಡಿ ಕಾರ್ಡ್, ಪಿಂಚಣಿ, ಗಾಲಿ ಕುರ್ಚಿ, ಮನಿಗೇ ಫಿಜಿಯೋ ಡಾಕ್ಟ್ರು, ಗಾರ್ಡಿಯನ್ ಪತ್ರ, ಎಲ್ಲಾ ಒಂದ ಕಡೆ. ನೀವು ಆಫೀಸಿಗೆ ಅಡ್ಡ್ಯಾಡೂದು ಬ್ಯಾಡ' ಅಂದ. ಯುಡಿಐಡಿ ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್.

ಅವ್ವನಿಗೆ ಕಣ್ಣಲ್ಲಿ ನೀರು ಬಂತು. ಇಳಕಲ್ ಸೀರೆ ಗೊತ್ತಿರುವವರಿಗೆ ಇದು ತಿಳಿಯುತ್ತದೆ. ಒಡಲು ಒಂದು ಹಾಸು, ಸೆರಗು ಇನ್ನೊಂದು ಹಾಸು, ನಡುವೆ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕುವವರು ಬೇಕು. ನಮ್ಮ ಮನೆಗೂ ಅಂಥವರೇ ಬೇಕಿತ್ತು. ಇವ ಕೊಂಡಿ ಹಾಕುವವನು ಅಂತ ನಂಬಿದೆವು.

ತಮ್ಮ ಮಾತ್ರ ಮೊದಲ ದಿನವೇ ಮುಖ ಆ ಕಡೆ ತಿರುಗಿಸಿದ. ಆಮೇಲೆ ಮೂರು ಸಲ 'ಬ್ಯಾಡ' ಅಂದ. ಹೊಸಬರನ್ನು ಕಂಡರೆ ಹಾಗೇ ಮಾಡುತ್ತಾನೆ ಅಂತ ನಾವು ಬಿಟ್ಟೆವು. ಆತ ಮನೆಯಲ್ಲಿ ಒಂದು ತಾಸು ಕೂತಿದ್ದ. ತಮ್ಮನ ಹೆಸರನ್ನು ನನ್ನ ಹತ್ತಿರ ಕೇಳಿದನೇ ಹೊರತು ಅವನ ಕಡೆ ಒಂದು ಸಲವೂ ನೋಡಲಿಲ್ಲ.

ಕಾರ್ಡಿಗೆ 4,000. ಪಿಂಚಣಿಗೆ 3,500. ಗಾರ್ಡಿಯನ್ ಪತ್ರಕ್ಕೆ 2,900. ಮೂರು ತಿಂಗಳ ಫಿಜಿಯೋಥೆರಪಿಗೆ ಮುಂಗಡ 6,000. ಮೇಲೆ 'ಆಫೀಸ್ ಖರ್ಚು' ಅಂತ 1,000. ಒಟ್ಟು 17,400 ರೂಪಾಯಿ, ಮೂರು ಕಂತಿನಲ್ಲಿ ಫೋನ್‌ಪೇ. ರಸೀದಿ ಕೇಳಿದರೆ 'ಆನ್‌ಲೈನ್‌ನ್ಯಾಗ ಬರತೈತ್ರಿ' ಅಂದ.

ಈಗ ಮುಖ್ಯ ವಿಷಯ. ಯುಡಿಐಡಿ ಅರ್ಜಿ ಹಾಕುವಾಗ ಆಧಾರ್‌ಗೆ ಜೋಡಿಸಿದ ನನ್ನ ಫೋನಿಗೆ ಓಟಿಪಿ ಬಂತು. ಓದಿ ಹೇಳಿದೆ. ಅರ್ಜಿಯಲ್ಲಿ ಸಂಪರ್ಕದ ಮೊಬೈಲ್ ನಂಬರ್ ಅಂತ ಒಂದು ಜಾಗ ಇರುತ್ತದೆ. ಅಲ್ಲಿ ಆತ ತನ್ನದೇ ನಂಬರ್ ಹಾಕಿಕೊಂಡ. ನಾನು ಪಕ್ಕದಲ್ಲೇ ಕೂತಿದ್ದೆ, ನೋಡಲಿಲ್ಲ. ಅಲ್ಲಿಂದ ಮುಂದೆ ಆ ಅರ್ಜಿಯ ಯಾವ ಮೆಸೇಜೂ ನಮಗೆ ಬರಲಿಲ್ಲ.

ಒಂದು ವಾರದಲ್ಲಿ ಫಿಜಿಯೋ ಅಂತ ಒಬ್ಬ ಹುಡುಗ ಬಂದ. ಎಣ್ಣೆ ಹಚ್ಚಿ ಕಾಲು ಜಗ್ಗಿದ. ತಮ್ಮನ ಕಾಲು ಮೊದಲೇ ಬಿಗಿ, ಜೋರು ಮಾಡಿದಷ್ಟೂ ಸೆಟೆದುಕೊಳ್ಳುತ್ತದೆ. ಟೀಚರ್ ಕಲಿಸಿದ್ದೇ ಮೆಲ್ಲಗೆ, ಅವನ ಉಸಿರಿಗೆ ಹೊಂದಿಸಿ ಅಂತ. ಅವ್ವ ಅದನ್ನೇ ಹೇಳಿದರೆ ಆ ಹುಡುಗ 'ನೋವಾದ್ರನ ಆರಾಮಾಗೂದು' ಅಂದ. ಎರಡನೇ ಸಲ ಬಂದು ಹೋದ ಮೇಲೆ ತೊಡೆ ಬಾತು ನಾಲ್ಕು ದಿನ ತಮ್ಮ ನಿದ್ದೆ ಮಾಡಲಿಲ್ಲ. ನೀನು ಏನು ಓದಿದ್ದಿ ಅಂತ ಆವಾಗ ಕೇಳಿದೆ. ಜಿಮ್‌ನಲ್ಲಿ ಕೆಲಸ ಮಾಡಿದ್ದನಂತೆ. ಬಿ.ಪಿ.ಟಿ., ಅಂದರೆ ಫಿಜಿಯೋಥೆರಪಿ ಪದವಿ, ಓದಿದವರು ಅಲ್ಲದಿದ್ದರೆ ಯಾರಿಗೂ ಕಾಲು ಮುಟ್ಟಲು ಬಿಡಬೇಡಿ. ಸರ್ಟಿಫಿಕೇಟ್ ತೋರಿಸು ಅಂತ ಕೇಳಲು ಸಂಕೋಚ ಬೇಡ. ಮೂರನೇ ಸಲ ಅವನು ಬರಲೂ ಇಲ್ಲ.

ಗಾರ್ಡಿಯನ್ ಪತ್ರ ಅಂತ ಕೊಟ್ಟದ್ದು ನೂರು ರೂಪಾಯಿ ಬಾಂಡ್ ಪೇಪರ್ ಮೇಲೆ ನೋಟರಿ ಸಹಿ. ಬ್ಯಾಂಕಿಗೆ ಒಯ್ದರೆ ಮ್ಯಾನೇಜರ್ ಓದಿ ವಾಪಸ್ ಕೊಟ್ಟರು. 18 ದಾಟಿದವರಿಗೆ ಗಾರ್ಡಿಯನ್ ಬೇಕಾದರೆ ಬಾಂಡ್ ಪೇಪರ್ ನಡೆಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರ ಪ್ರಕಾರ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿ ನೇಮಿಸಬೇಕು. ಇನ್ನೂ ಒಂದು ಮಾತು. ಗಾರ್ಡಿಯನ್ ಎಲ್ಲರಿಗೂ ಬೇಕಂತಿಲ್ಲ. ಆ ಮ್ಯಾನೇಜರೇ ಹೊರಗೆ ಬಂದು, ತಮ್ಮನ ಹತ್ತಿರ ಬಗ್ಗಿ, 'ಖಾತೆ ಯಾರ ಹೆಸರಲ್ಲಿ ಬೇಕು?' ಅಂತ ಕೇಳಿದರು. ತಮ್ಮ ತನ್ನ ಎದೆ ತೋರಿಸಿದ. ಹೆಬ್ಬೆಟ್ಟು ಒತ್ತಿಸಿಕೊಂಡು ಅವನ ಹೆಸರಿಗೇ ಖಾತೆ ಮಾಡಿದರು. 2,900 ಕೊಟ್ಟು ನಾವು ಕಿತ್ತುಕೊಳ್ಳಲು ಹೊರಟಿದ್ದು ಅವನ ಹಕ್ಕನ್ನೇ ಅಂತ ಅವತ್ತು ಹೊಳೆಯಿತು.

ತಿಂಗಳುಗಳು ಹೋದವು. ಫೋನ್ ಮಾಡಿದರೆ 'ಸರ್ವರ್ ಡೌನ್ ಐತ್ರಿ', 'ಡಾಕ್ಟ್ರು ರಜಾದಾಗ ಅದಾರ್ರಿ'. ಕೊನೆಗೆ ಎತ್ತುವುದನ್ನೇ ಬಿಟ್ಟ. ನಾವು ಓಮ್ನಿ ಬಾಡಿಗೆ ಹಿಡಿದು ತಮ್ಮನನ್ನು ಮಲಗಿಸಿಕೊಂಡು ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಹೋದೆವು. ದಾರಿಯುದ್ದಕ್ಕೂ ಅಪ್ಪ ಒಂದು ಮಾತೂ ಆಡಲಿಲ್ಲ.

ಆಸ್ಪತ್ರೆಯಲ್ಲಿ ಕಂಪ್ಯೂಟರ್ ಮುಂದೆ ಕೂತವರು ಆಧಾರ್ ನಂಬರ್ ಹಾಕಿ ನೋಡಿದರು. ಅರ್ಜಿ ಆಗಲೇ ಇತ್ತು. ತಪಾಸಣೆಗೆ ಬರಲು ಮೆಸೇಜ್ ಹೋಗಿತ್ತು, ಆತನ ನಂಬರಿಗೆ. ನಾವು ಬಂದಿಲ್ಲ ಅಂತ ಅರ್ಜಿ ಅಲ್ಲೇ ನಿಂತಿತ್ತು. ಅದೇ ಆಧಾರ್ ಮೇಲೆ ಇನ್ನೊಂದು ಹೊಸ ಅರ್ಜಿ ಹಾಕಲು ಬರುವುದಿಲ್ಲ. ಅಂಗವೈಕಲ್ಯದ ವಿಧ ಅನ್ನುವ ಕಡೆ ಆತ ಬರೆದದ್ದು ಬುದ್ಧಿಮಾಂದ್ಯತೆ.

ಅದನ್ನು ಗಟ್ಟಿಯಾಗಿ ಓದಿದರು. ತಮ್ಮ ಕೇಳಿಸಿಕೊಂಡ. ವಾಪಸ್ ಬರುವಾಗ ಅಮೀನಗಡದಲ್ಲಿ ಕರದಂಟು ಕೊಡಿಸಲು ಹೋದರೆ ಬಾಯಿ ತೆರೆಯಲಿಲ್ಲ. ಅವನಿಗೆ ಕರದಂಟು ಅಂದರೆ ಪ್ರಾಣ.

ಇದನ್ನೆಲ್ಲ ಬಿಡಿಸಿದ್ದು ಯಾರು ಗೊತ್ತಾ? ನಮ್ಮದೇ ಪಂಚಾಯ್ತಿಯ ಮೂಲೆಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಕೂರುವ ವಿ.ಆರ್.ಡಬ್ಲ್ಯು. ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಅವರಿಗೂ ಪೋಲಿಯೋ ಆದ ಕಾಲು, ಮೂರು ಗಾಲಿಯ ಗಾಡಿಯಲ್ಲಿ ಓಡಾಡುತ್ತಾರೆ. ಗೌರವಧನಕ್ಕೆ ದುಡಿಯುವವರು. ಅವರ ಕೆಲಸವೇ ಊರಿನ ಅಂಗವಿಕಲರ ಪಟ್ಟಿ ಇಟ್ಟುಕೊಂಡು, ಯಾರಿಗೆ ಏನು ಸಿಗುತ್ತದೆ ಅಂತ ಹೇಳಿ ಅರ್ಜಿ ಹಾಕಲು ನೆರವಾಗುವುದು. ಪಟ್ಟಣದಲ್ಲಿ ಇದೇ ಕೆಲಸಕ್ಕೆ ಯು.ಆರ್.ಡಬ್ಲ್ಯು. ಇರುತ್ತಾರೆ. ಅವರ ಮೇಲೆ ತಾಲೂಕಿಗೆ ಎಂ.ಆರ್.ಡಬ್ಲ್ಯು., ಜಿಲ್ಲೆಗೆ ವಿಕಲಚೇತನರ ಕಲ್ಯಾಣಾಧಿಕಾರಿ. ನಾವು ಹುಡುಕುತ್ತಿದ್ದ ಕೊಂಡಿಯವರು ಮನೆಯಿಂದ ನಾನೂರು ಹೆಜ್ಜೆ ದೂರದಲ್ಲಿದ್ದರು. ಒಂದು ಪೈಸೆ ಖರ್ಚಿಲ್ಲ. ಮತ್ತೆ ಯಾಕೆ ಹೋಗಲಿಲ್ಲ? ನಿಜ ಹೇಳಲಾ? ನಮ್ಮೂರವ, ಅವನಿಗೇನು ಗೊತ್ತು ಅನ್ನುವ ಅಸಡ್ಡೆ. ಹೊರಗಿನಿಂದ ಟ್ಯಾಬ್ ಹಿಡಿದು ಬಂದವನ ಮಾತು ನಮಗೆ ತೂಕದ್ದಾಗಿ ಕಂಡಿತು.

'ಮೊದಲ ನನ್ ಕಡೆ ಬರಬಾರದೇನವಾ ತಂಗಿ' ಅಂದರು, ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಧಾರ್ ನಕಲು, ಹಳೆಯ ಆಸ್ಪತ್ರೆ ಚೀಟಿಗಳು, ಟೀಚರ್ ಇಟ್ಟಿದ್ದ ದಾಖಲೆ, ಮೊಬೈಲ್ ನಂಬರೂ ಅಂಗವೈಕಲ್ಯದ ವಿಧವೂ ತಪ್ಪಾಗಿದೆ ಅಂತ ಒಂದು ಅರ್ಜಿ. ಇಷ್ಟನ್ನು ಅವರೇ ಜೋಡಿಸಿಕೊಟ್ಟರು. ನಂಬರ್ ಬದಲಾಗಲು ಮೂರು ಸಲ ಓಡಾಡಬೇಕಾಯಿತು. ಆಮೇಲೆ ವೈದ್ಯರ ಮುಂದೆ ತಪಾಸಣೆ. ಮೂಳೆ ಡಾಕ್ಟರ್ ತಮ್ಮನನ್ನೇ ಮಾತಾಡಿಸಿ ನೋಡಿದರು. ಅಂಗವೈಕಲ್ಯ ಶೇಕಡ 85 ಅಂತ ಬಂತು. ಕಾರ್ಡ್ ಅಂಚೆಯಲ್ಲಿ ಮನೆಗೆ ಬಂತು, ನೀಲಿ ಪಟ್ಟಿಯದು. 80 ಮತ್ತು ಮೇಲಿದ್ದರೆ ನೀಲಿ, 40ರಿಂದ 79ರವರೆಗೆ ಹಳದಿ, 40ಕ್ಕಿಂತ ಕಡಿಮೆ ಇದ್ದರೆ ಬಿಳಿ.

ಆ ಮನುಷ್ಯ ಏನಂದಿದ್ದ ಗೊತ್ತಾ? 'ಇನ್ನ ಎರಡ್ ಸಾವಿರ ಕೊಡ್ರಿ, ನೀಲಿನ ಬರಂಗ ಮಾಡ್ತೀನಿ.' ಪುಣ್ಯಕ್ಕೆ ಅವತ್ತು ನಮ್ಮ ಹತ್ತಿರ ದುಡ್ಡಿರಲಿಲ್ಲ. ಸುಳ್ಳು ಪರ್ಸೆಂಟೇಜ್ ಬರೆಸಿ ಸೌಲಭ್ಯ ಪಡೆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 91ನೇ ಸೆಕ್ಷನ್ನಿನಲ್ಲಿ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಸಿಕ್ಕಿಬೀಳುವುದು ಸೌಲಭ್ಯ ಪಡೆದ ನಾವು. ಏಜೆಂಟ್ ಅಷ್ಟು ಹೊತ್ತಿಗೆ ಸಿಮ್ ಬದಲಿಸಿರುತ್ತಾನೆ.

ನಿಮ್ಮ ಮನೆಗೂ ಇಂಥವರು ಬಂದರೆ ಇಷ್ಟು ನೆನಪಿಡಿ. ಎಲ್ಲವನ್ನೂ ಒಂದೇ ಕಡೆ ಮಾಡುವ ಅಧಿಕಾರ ಯಾರಿಗೂ ಇಲ್ಲ. ಕಾರ್ಡಿನ ಪರ್ಸೆಂಟೇಜ್ ಹಾಕುವುದು ಆಸ್ಪತ್ರೆ. ಪಿಂಚಣಿ ಕಂದಾಯ ಇಲಾಖೆಯದು, ಅರ್ಜಿ ನಾಡಕಚೇರಿಯಲ್ಲಿ. ಬಸ್ ಪಾಸ್ ಸಾರಿಗೆ ನಿಗಮದ್ದು. ಬಾಗಲಕೋಟೆ, ಬೆಳಗಾವಿಗೆ ವಾಯವ್ಯ ಕರ್ನಾಟಕ ಸಾರಿಗೆ, ವಿಜಯಪುರದವರಿಗೆ ಕಲ್ಯಾಣ ಕರ್ನಾಟಕ ಸಾರಿಗೆ. ಗಾಲಿ ಕುರ್ಚಿಯಂಥ ಸಾಧನಗಳು ಕೇಂದ್ರದ ಅಡಿಪ್ ಯೋಜನೆಯ ಶಿಬಿರಗಳಲ್ಲಿ ಸಿಗುತ್ತವೆ. ಪಂಚಾಯ್ತಿಯಲ್ಲೂ ಅಂಗವಿಕಲರಿಗೆ ಅಂತ ಶೇಕಡ 5ರ ಅನುದಾನ ಇರುತ್ತದೆ, ಕೇಳಿ. ಯುಡಿಐಡಿಗೆ ಶುಲ್ಕವೇ ಇಲ್ಲ. ಯಾರಾದರೂ ಅರ್ಜಿ ತುಂಬಿಕೊಡುತ್ತಿದ್ದರೆ ಮೊಬೈಲ್ ನಂಬರಿನ ಜಾಗದಲ್ಲಿ ನಿಮ್ಮದೇ ನಂಬರ್ ಇದೆಯಾ ಅಂತ ಬೆರಳಿಟ್ಟು ನೋಡಿ. ಅರ್ಜಿ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ.

ಸೆರೆಬ್ರಲ್ ಪಾಲ್ಸಿ ಇರುವವರ ಮನೆಯವರು ನಿರಾಮಯ ಆರೋಗ್ಯ ವಿಮೆಯನ್ನೂ ಕೇಳಿ ನೋಡಿ. ಅದೂ ನ್ಯಾಷನಲ್ ಟ್ರಸ್ಟಿನದೇ. ವರ್ಷಕ್ಕೆ ಒಂದು ಲಕ್ಷದವರೆಗೆ, ಥೆರಪಿ ಖರ್ಚೂ ಸೇರುತ್ತದೆ. ನಮಗೆ ಇದು ಗೊತ್ತಾಗಿದ್ದು 6,000 ಕಳೆದುಕೊಂಡ ಮೇಲೆ.

ಪೊಲೀಸರಿಗೆ ದೂರು ಕೊಟ್ಟಿದ್ದೇವೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿದೆ. ದುಡ್ಡು ಹೋದ ಕೂಡಲೇ ಮಾಡಿದ್ದರೆ ತಡೆಹಿಡಿಯುವ ಸಾಧ್ಯತೆ ಇತ್ತಂತೆ, ನಾವು ಮಾಡಿದ್ದು ಹನ್ನೊಂದು ತಿಂಗಳ ಮೇಲೆ. ಬರುತ್ತದೆ ಅನ್ನುವ ಆಸೆ ನನಗಿಲ್ಲ. ಪಿಂಚಣಿ ಅರ್ಜಿ ಈಗ ನಾಡಕಚೇರಿಯಲ್ಲಿದೆ. ಶೇಕಡ 75ಕ್ಕಿಂತ ಮೇಲಿರುವವರಿಗೆ ತಿಂಗಳಿಗೆ 1,400 ರೂಪಾಯಿ. ಮೊದಲ ಕಂತಿನಲ್ಲಿ ಏನು ತರಬೇಕು ಅಂತ ತಮ್ಮ ಈಗಲೇ ಪಟ್ಟಿ ಹೇಳುತ್ತಿದ್ದಾನೆ. ಮೊದಲನೆಯದು ಕರದಂಟು.

ಹೋದ ವಾರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ನನ್ನ ಕೈಯಲ್ಲಿ ಬಟ್ಟೆ ಇತ್ತು, ಸ್ಪೀಕರ್ ಒತ್ತಿದೆ. 'ಅಕ್ಕಾರ, ನಿಮ್ ತಮ್ಮನ ಕಾರ್ಡ್ ರಿನೀವಲ್...' ಅನ್ನುವಷ್ಟರಲ್ಲಿ ತಮ್ಮ ಹಾಸಿಗೆಯಿಂದ 'ಬ್ಯಾಡ' ಅಂತ ಕೂಗಿದ. ಈ ಸಲ ಕಟ್ ಮಾಡಿದೆ.