ಜೀಪಿನ ರೆಕ್ಸಿನ್ ಹುಡ್: ವಿಜಯಪುರದ ಬಿಸಿಲಲ್ಲಿ ಏಳು ವರ್ಷ

ನನ್ನದು ಹಳೆಯ ಮಹೀಂದ್ರಾ ಎಂಎಂ 540 ಜೀಪು. ಮನೆ ವಿಜಯಪುರದಲ್ಲಿ, ದ್ರಾಕ್ಷಿ ತೋಟ ತಿಕೋಟಾ ಕಡೆ. ದಿನಾ ಹೋಗಿ ಬರೋದು. 2018ರಲ್ಲಿ ಇದಕ್ಕೆ ಕಪ್ಪು ರೆಕ್ಸಿನ್ ಹುಡ್, ಅಂದರೆ ಮಡಚುವ ಮೇಲ್ಛಾವಣಿ, ಹೊಲಿಸಿದೆ. ಈಗಲೂ ಅದೇ ಹುಡ್ ಇದೆ. ನಡುವೆ ಒಮ್ಮೆ ಕಿತ್ತೆಸೆಯುವ ಹಂತಕ್ಕೆ ಬಂದಿತ್ತು, ಅದಕ್ಕೆ ಅರ್ಧ ಕಾರಣ ಬಿಸಿಲು, ಇನ್ನರ್ಧ ನಾನೇ.

ನನಗೆ ಹೊಳಪಿನ ಹುಚ್ಚು. ಸೀಟಿಗೆ ಹಚ್ಚುವ ಎಣ್ಣೆ ಎಣ್ಣೆ ಪಾಲಿಶ್ ತಂದು ತಿಂಗಳಿಗೆ ಎರಡು ಸಲ ಬಳಿಯುತ್ತಿದ್ದೆ. ಹುಡ್ ಆಗಷ್ಟೇ ಮೈ ತೊಳೆಸಿಕೊಂಡ ಎಮ್ಮೆಯ ಹಾಗೆ ಮಿಂಚುತ್ತಿತ್ತು. ಆದರೆ ತೋಟದ ದಾರಿಗೆ ಇಳಿದರೆ ಸಾಕು, ಧೂಳೆಲ್ಲ ಅದಕ್ಕೇ ಅಂಟುತ್ತಿತ್ತು. ಸಂಜೆ ಒಣ ಬಟ್ಟೆಯಲ್ಲಿ ತಿಕ್ಕಿ ಒರೆಸುತ್ತಿದ್ದೆ. ಧೂಳು ಅಂದ್ರೆ ಸಣ್ಣ ಮರಳೇ ಅಲ್ವಾ? ಪಾಲಿಶ್ ಪೇಪರ್ ಹಾಕಿ ಉಜ್ಜಿದ ಹಾಗೆ. ಹಿಂದಿನ ಪ್ಲಾಸ್ಟಿಕ್ ಕಿಟಕಿ ಎರಡೇ ವರ್ಷದಲ್ಲಿ ಮಬ್ಬಾಯಿತು. ರಾತ್ರಿ ಹಿಂದೆ ಬರುವ ಲಾರಿಯ ಲೈಟು ಅದರಲ್ಲಿ ಚೆಲ್ಲಿದ ಹಾಲಿನಂತೆ ಕಾಣುತ್ತಿತ್ತು.

2021ರ ಬೇಸಿಗೆಯಲ್ಲಿ ಮಡಚುವ ಜಾಗದಲ್ಲೆಲ್ಲ ಬಿಳಿ ಗೆರೆ ಬಿದ್ದವು. ಮೊದಲ ಮಳೆಗೆ ನೀರು ಸರಿಯಾಗಿ ನನ್ನ ಬಲ ಭುಜದ ಮೇಲೆ ತೊಟ್ಟಿಕ್ಕಿತು. ಹೊಸದೇ ಹಾಕಿಸಿಬಿಡೋಣ ಅಂತ ಕುಶನ್ ಅಂಗಡಿಗೆ ಹೋದೆ. ಅಂಗಡಿಯ ಕಾಕಾ ಏನೂ ಮಾತಾಡಲಿಲ್ಲ. ಹೊಲಿಗೆಯ ಒಂದು ಎಳೆಯನ್ನು ಉಗುರಲ್ಲಿ ಎತ್ತಿ ಎಳೆದರು. ಸುಟ್ಟ ಊದುಬತ್ತಿಯ ಬೂದಿ ಉದುರಿದ ಹಾಗೆ ಉದುರಿತು.

"ತಮ್ಮಾ, ರೆಕ್ಸಿನ್ನಿಗೆ ಇನ್ನೂ ಜೀವ ಐತಿ. ದಾರ ಸತ್ತೈತಿ ನೋಡು."

"ಮತ್ತ ಈ ಬಿಳಿ ಗೆರಿ, ಕಾಕಾ?"

"ಅವು ಹೋಗಂಗಿಲ್ಲ. ಒಳಗಿಂದ ಪಟ್ಟಿ ಕೊಟ್ರ ನೀರು ಬರಂಗಿಲ್ಲ, ಅಷ್ಟ."

ಆಮೇಲೆ ತಿಳಿದದ್ದು ಇಷ್ಟು. ರೆಕ್ಸಿನ್ ಅಂದರೆ ಬಟ್ಟೆಯ ಮೇಲೆ ಪಿವಿಸಿ ಪದರ. ಪಿವಿಸಿ ತಾನಾಗಿ ಗಟ್ಟಿ, ನೀರಿನ ಪೈಪು ನೋಡಿಲ್ವಾ? ಅದನ್ನು ಮೆತ್ತಗೆ ಮಾಡಲು ಒಂದು ಎಣ್ಣೆಯಂಥ ವಸ್ತು ಬೆರೆಸಿರುತ್ತಾರೆ. ಬಿಸಿಲಿಗೆ ಅದು ನಿಧಾನ ಹೊರಟು ಹೋಗುತ್ತದೆ, ಹುಡ್ ಗಟ್ಟಿಯಾಗಿ ಬಿರಿಯುತ್ತದೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಕಪ್ಪು ರೆಕ್ಸಿನ್ ಮೇಲೆ ಕೈ ಇಡಲಿಕ್ಕೆ ಆಗೋದಿಲ್ಲ. ಒಮ್ಮೆ ಹೋದ ಮೆತ್ತನೆ ಗುಣ ಮೇಲಿಂದ ಏನು ಬಳಿದರೂ ವಾಪಸ್ ಬರೋದಿಲ್ಲ, ಬಾಟಲಿ ಮೇಲೆ ಏನೇ ಬರೆದಿರಲಿ. ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ಅಷ್ಟೇ.

ಹುಡ್ ಬಿಚ್ಚಿ ಮಾಳಿಗೆ ಮೇಲೆ ಹಾಸಿ ಕಾರ್ ಶಾಂಪೂ, ಮೆತ್ತನೆ ಬ್ರಷ್ ಹಿಡಿದು ಕೂತೆ. ಮೂರು ವರ್ಷದ ಪಾಲಿಶ್ ಹೋಗಲು ನಾಲ್ಕು ಬಕೆಟ್ ನೀರು ಬೇಕಾಯಿತು. ನೀರು ಕಡಕ್ ಚಹಾದ ಬಣ್ಣ. ನೆರಳಲ್ಲಿ ಪೂರ್ತಿ ಒಣಗಿಸಿ ಕಾಕಾನಿಗೆ ಕೊಟ್ಟೆ. ಹತ್ತಿ ದಾರ ತೆಗೆದು ದಪ್ಪ ಪಾಲಿಯೆಸ್ಟರ್ ದಾರ ಹಾಕಿದರು. ಅವರು ಸೂಜಿಯನ್ನು ಹಳೆಯ ತೂತುಗಳಲ್ಲೇ ಒಂದೊಂದಾಗಿ ಕೂರಿಸಿ ಹೊಲಿದರು. ಪಕ್ಕದಲ್ಲೇ ಹೊಸ ತೂತು ಬಿದ್ದರೆ ಪೋಸ್ಟ್ ಸ್ಟಾಂಪಿನ ಅಂಚಿನ ಹಾಗೆ ಹರಿಯುತ್ತದಂತೆ. ತೇಪೆಗಳ ಮೂಲೆಗಳನ್ನು ದುಂಡಗೆ ಕತ್ತರಿಸಿದರು, ಚೂಪು ಮೂಲೆ ಬೇಗ ಏಳುತ್ತದೆ ಅಂತ. ಹುಡ್ ಹೊತ್ತ ಪೈಪಿಗೆ ಅದು ಉಜ್ಜುವ ಕಡೆ ಹಳೇ ರೆಕ್ಸಿನ್ ತುಂಡು ಸುತ್ತಿದರು. ಹೊಸ ಕಿಟಕಿ ಹಾಳೆಯೂ ಸೇರಿ 3,200 ರೂಪಾಯಿ ಆಯಿತು. ಹೊಸ ಹುಡ್ಡಿಗೆ 9,000 ಹೇಳಿದ್ದರು.

ಅವತ್ತಿನಿಂದ ಬಳಸುತ್ತಿರೋದು 303 ಪ್ರೊಟೆಕ್ಟೆಂಟ್. ನೀರಿನಂತೆ ತೆಳ್ಳಗಿನ ಸ್ಪ್ರೇ, ಬಿಸಿಲಿನ ಯುವಿ ಕಿರಣ ತಡೆಯಲು ಮಾಡಿದ್ದು. ಕೈಗೆ ಜಿಡ್ಡು ಅನ್ನಿಸೋದಿಲ್ಲ, ಧೂಳು ಹಿಡಿಯೋದಿಲ್ಲ. ಹೊಳಪು ಬೇಕು ಅನ್ನೋರಿಗೆ ಇದು ಸಪ್ಪೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹಚ್ಚುತ್ತೇನೆ. ಸಂಜೆ ಹುಡ್ ತಣ್ಣಗಾದ ಮೇಲೆ, ತೊಳೆದು ಒಣಗಿಸಿ. ಹಚ್ಚಿದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸಬೇಕು, ಹಾಗೇ ಆರಲು ಬಿಟ್ಟರೆ ಪಟ್ಟೆ ಪಟ್ಟೆ ಕಾಣುತ್ತದೆ. ರೇಟು ಜಾಸ್ತಿ, ಹಾಗಾಗಿ ನಾನು ಬರೀ ಮೇಲ್ಭಾಗಕ್ಕೆ ಹಚ್ಚುತ್ತೇನೆ. ನಾಲ್ಕು ವರ್ಷದಲ್ಲಿ ಹೊಸ ಬಿರುಕು ಎರಡೇ, ಎರಡೂ ಹಚ್ಚದ ಬದಿಯಲ್ಲಿ. ಕಿಟಕಿಗೆ ಮಾತ್ರ ಮೊದಲು ನೀರು ಸುರಿದು, ಆಮೇಲೆ ಮೆತ್ತನೆ ಬಟ್ಟೆ. ಕನ್ನಡಿ ಒರೆಸುವ ಅಮೋನಿಯಾ ಇರೋ ಲಿಕ್ವಿಡ್ ಅದಕ್ಕೆ ಬೇಡ.

ದ್ರಾಕ್ಷಿಯವರಿಗೆ ಒಂದು ಮಾತು. ಚಾಟ್ನಿ, ಅಂದರೆ ಬಳ್ಳಿ ಕತ್ತರಿಸೋದು, ಆದಮೇಲೆ ಬೂಷ್ಟು ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಗಾಳಿಗೆ ಹಾರಿ ನನ್ನ ಹುಡ್ ಮೇಲೆಲ್ಲ ನೀಲಿ ಬಿಳಿ ಚುಕ್ಕೆ ಕೂತವು. ಶಾಂಪೂಗೆ ಜಗ್ಗಲಿಲ್ಲ. ಬೋರ್ಡೋದಲ್ಲಿ ಮೈಲುತುತ್ತದ ಜೊತೆ ಸುಣ್ಣ ಇರುತ್ತದೆ, ಸುಣ್ಣಕ್ಕೆ ಹುಳಿ ಮದ್ದು. ಅರ್ಧ ಇಂಡಿ ಲಿಂಬೆಹಣ್ಣು ಹಿಂಡಿದ ಒಂದು ಮಗ್ ನೀರಲ್ಲಿ ಬಟ್ಟೆ ಅದ್ದಿ ಎರಡು ನಿಮಿಷ ಇಟ್ಟೆ. ಬೆರಳು ತಾಗಿಸಿದರೆ ಜಾರಿ ಬಂತು. ಆಮೇಲೆ ಚೆನ್ನಾಗಿ ನೀರು ಹಾಕಿ ತೊಳೆಯಿರಿ. ಜೀಪನ್ನು ಸುಮ್ನೆ ಎರಡು ಸಾಲು ದೂರ ನಿಲ್ಲಿಸಿದ್ದರೆ ಇದೆಲ್ಲ ಬೇಕೇ ಇರಲಿಲ್ಲ.

ಜುಲೈನಲ್ಲಿ ಖಾನಾಪುರದ ಅಕ್ಕನ ಮನೆಗೆ ಹೋದಾಗ ಒದ್ದೆ ಹುಡ್ ಮಡಚಿಟ್ಟು ಬೂಷ್ಟು ಹಿಡಿಸಿಕೊಂಡಿದ್ದೂ ಆಯಿತು. ವಿನೆಗರ್, ನೀರು ಸಮಸಮ ಬೆರೆಸಿ ಒರೆಸಿದೆ, ಹೋಯಿತು. ಬ್ಲೀಚ್ ಮಾತ್ರ ಹಾಕಬೇಡಿ, ಹತ್ತಿ ದಾರ ಇದ್ದರೆ ತಿನ್ನುತ್ತದೆ.

ಗಾಡಿಗೆ ನೆರಳೇ ಇಲ್ಲ, ತೊಳೆಯಲು ಪುರಸೊತ್ತೂ ಇಲ್ಲ ಅನ್ನೋರು ತಗಡಿನ ಟಾಪ್ ಹಾಕಿಸಿ. ನನಗೆ ಸಂಜೆ ತೋಟದಿಂದ ಹುಡ್ ಮಡಚಿ ಬರುವ ಗಾಳಿ ಬೇಕು. ಈಗಿರುವ ತಕರಾರು ಎಡಗಡೆ ಜಿಪ್ಪಿನದು. ಮೇಣದಬತ್ತಿ ತಿಕ್ಕಿದರೆ ಎಂಟು ದಿನ ಸರಾಗ ಓಡುತ್ತದೆ, ಆಮೇಲೆ ಮತ್ತೆ ನಡುವೆ ನಿಲ್ಲುತ್ತದೆ. ಮೂರು ಹಲ್ಲು ಉದುರಿವೆ. ಅಲ್ಲಿಗೆ ಸದ್ಯ ಒಂದು ಪಿನ್ ಚುಚ್ಚಿದ್ದೇನೆ. ಕಾಕಾನಿಗೆ ಗೊತ್ತಾದರೆ ಬೈತಾರೆ.