ಸೋಲುವ ಹಾಕಿ ತಂಡಕ್ಕೆ ಡ್ರಾಫ್ಟ್ ಒಳ್ಳೆಯದಾ, ಟ್ರೇಡ್ ಒಳ್ಳೆಯದಾ?

ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಸೋಲುತ್ತಲೇ ಇರುವ ತಂಡ, ಹೊಸ ಯುವ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ ಬೇಗ ಆರಿಸುವ ಸರದಿ ಪಡೆಯುತ್ತದೆ. ಶಿಕಾಗೋ ಹೀಗೆ 2006ರಲ್ಲಿ ಜೊನಾಥನ್ ಟೇವ್ಸ್, 2007ರಲ್ಲಿ ಪ್ಯಾಟ್ರಿಕ್ ಕೇನ್ ಅವರನ್ನು ಆರಿಸಿ, 2010ರಲ್ಲಿ ಲೀಗ್‌ನ ಚಾಂಪಿಯನ್‌ಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದಿತು. ಬಫಲೊ ಕೂಡ ಇದನ್ನೇ ಮಾಡಿತು. 2015ರಲ್ಲಿ ಜಾಕ್ ಐಕಲ್, 2018ರಲ್ಲಿ ರಾಸ್ಮಸ್ ಡಾಲೀನ್ ಸಿಕ್ಕರು. ಆದರೂ 2012ರಿಂದ 2025ರವರೆಗೆ ಒಮ್ಮೆಯೂ ಕಪ್‌ಗಾಗಿ ನಡೆಯುವ ಕೊನೆಯ ಹಂತವಾದ ಪ್ಲೇಆಫ್ ತಲುಪಲಿಲ್ಲ. ಅಭಿಮಾನಿಗಳ ಪಾಡು ನೆನೆದರೆ ನೋವಾಗುತ್ತದೆ. ಐಕಲ್ ಕಪ್ ಗೆದ್ದದ್ದು 2023ರಲ್ಲಿ, ವೇಗಸ್ ಪರ!

ಟ್ರೇಡ್, ಅಂದರೆ ಬೇರೆ ತಂಡದೊಂದಿಗೆ ಆಟಗಾರರ ಅದಲುಬದಲು, ಬೇಗ ಫಲ ಕೊಡಬಹುದು. ಸೇಂಟ್ ಲೂಯಿಸ್ 2018ರಲ್ಲಿ ಅದೇ ಬಫಲೊದಿಂದ ಸೆಂಟರ್ (ಮುಂಚೂಣಿಯ ನಡುವೆ ಆಡುವ) ಆಟಗಾರ ರಯಾನ್ ಓ'ರೈಲಿಯನ್ನು ತಂದು ಮರುವರ್ಷವೇ ಕಪ್ ಎತ್ತಿತು. ಆದರೆ ಡಿಫೆನ್ಸ್‌ನ ಪಿಯೆಟ್ರಾಂಜೆಲೊ, ಮುಂಚೂಣಿಯ ಟರಸೆಂಕೊ ಅಲ್ಲಿ ಮೊದಲೇ ಇದ್ದರು.

ಗಟ್ಟಿ ಡಿಫೆನ್ಸ್ ಇದ್ದು ಸೆಂಟರ್ ಮಾತ್ರ ಕೊರತೆಯಾದರೆ ಟ್ರೇಡ್ ಮಾಡಿ. ಎರಡೂ ಇಲ್ಲದಿದ್ದರೆ ಡ್ರಾಫ್ಟೇ ದಾರಿ. ಆದರೆ ಹುಡುಗರ ಜೊತೆ ಕೆಲವು ಅನುಭವಿಗಳನ್ನು ಉಳಿಸಿಕೊಳ್ಳಿ.