ಬಿದಿರಿನ ಬೋನ್ಸಾಯ್: ನಾಲ್ಕು ಬಗೆ, ಆರು ವರ್ಷದ ಹೋಲಿಕೆ

ಮೊದಲ ಬಿದಿರನ್ನು ಆಳ ಕಡಿಮೆಯ ಕುಂಡದಲ್ಲಿ ನೆಟ್ಟ ಮೇಲೆ ಅದರ ಗಳ ದಪ್ಪವಾಗಲಿ ಎಂದು ಎರಡು ವರ್ಷ ಕಾದೆ. ಅದಕ್ಕೆ ಮುಂಚೆ ಅತ್ತಿ ಜಾತಿಯ ಗಿಡಗಳ ಮೇಲೆ ಕೈ ಪಳಗಿಸಿಕೊಂಡಿದ್ದೆ. ಅಲ್ಲಿ ಬೇರು ಹರಡಿದಷ್ಟೂ ಬುಡ ತುಂಬಿಕೊಳ್ಳುತ್ತದೆ, ಕೊಂಬೆ ಬೆಳೆಯಲು ಬಿಟ್ಟಷ್ಟೂ ಕಾಂಡ ಬಲಿಯುತ್ತದೆ. ಬಿದಿರಿನ ಗಳ ಮಾತ್ರ ಮೊದಲ ದಿನ ಎಷ್ಟಿತ್ತೋ ಎರಡು ವರ್ಷದ ಬಳಿಕವೂ ಅಷ್ಟೇ ಇತ್ತು. ಬಿದಿರು ಹುಲ್ಲಿನ ಕುಟುಂಬದ್ದು. ಮರಗಳ ತೊಗಟೆಯ ಕೆಳಗಿದ್ದು ವರ್ಷವರ್ಷವೂ ಸುತ್ತಳತೆ ಹೆಚ್ಚಿಸುವ ಕ್ಯಾಂಬಿಯಂ ಪದರ ಅದಕ್ಕಿಲ್ಲ. ಕಳಲೆ ಮಣ್ಣಿನಿಂದ ಎಷ್ಟು ದಪ್ಪಕ್ಕೆ ತಲೆ ಎತ್ತುತ್ತದೆಯೋ ಗಳದ ದಪ್ಪ ಅಷ್ಟೇ. ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ, ಅದು ಮುಟ್ಟಿದ ಎತ್ತರವೇ ಕೊನೆಯ ಎತ್ತರ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ, ಆದರೆ ಬಗ್ಗುವ ಪ್ರಾಯ ವರ್ಷಗಳದ್ದಲ್ಲ, ವಾರಗಳದ್ದು.

ಇದು ಅರ್ಥವಾದ ಮೇಲೆ ನಾನು ಬಿದಿರನ್ನು ನೋಡುವ ಕ್ರಮವೇ ಬದಲಾಯಿತು. ಕುಂಡದಲ್ಲಿ ನಿಂತಿರುವ ಗಳ ಹೇಗಿದೆ ಎನ್ನುವುದಕ್ಕಿಂತ ಮುಂದಿನ ಕಳಲೆ ಎಲ್ಲಿಂದ ಬರುತ್ತದೆ, ಹೇಗೆ ಏಳುತ್ತದೆ, ಅದನ್ನು ಎಷ್ಟು ಅಂಕೆಯಲ್ಲಿಡಬಹುದು ಎಂಬುದೇ ಮುಖ್ಯ. ಆರು ವರ್ಷಗಳಲ್ಲಿ ನಾಲ್ಕು ಬಗೆಯ ಬಿದಿರನ್ನು ಈ ಒಂದೇ ಅಳತೆಗೋಲಿನಿಂದ ಬೆಳೆಸಿ ನೋಡಿದ್ದೇನೆ.

ಹೋಲಿಕೆಗೆ ಇಳಿಯುವ ಮುನ್ನ ಒಂದು ಗಿಡವನ್ನು ಹೊರಗಿಡಬೇಕು. ನೀರಿನ ಬಟ್ಟಲಲ್ಲಿ ಸುರುಳಿ ಸುತ್ತಿಕೊಂಡು ನಿಲ್ಲುವ ‘ಲಕ್ಕಿ ಬ್ಯಾಂಬೂ’ ಬಿದಿರೇ ಅಲ್ಲ. ಅದು ಡ್ರಸೀನಾ ಸ್ಯಾಂಡೇರಿಯಾನಾ, ಮಧ್ಯ ಆಫ್ರಿಕಾ ಮೂಲದ, ಶತಾವರಿಯ ಕುಟುಂಬಕ್ಕೆ ಸೇರಿದ ಗಿಡ. ಮನೆಯೊಳಗಿನ ಮಂದ ಬೆಳಕಿಗೂ ನಿಂತ ನೀರಿಗೂ ಅದು ಒಗ್ಗುತ್ತದೆ. ನಿಜವಾದ ಬಿದಿರು ಎರಡಕ್ಕೂ ಒಗ್ಗುವುದಿಲ್ಲ. ಎರಡರ ಆರೈಕೆಯನ್ನು ಒಂದೇ ಎಂದುಕೊಂಡು ಬಿದಿರನ್ನು ನೀರಿನಲ್ಲಿ ನಿಲ್ಲಿಸಿದರೆ ಅದರ ಬೇರು ಕೊಳೆಯುತ್ತದೆ.

ಈಗ ನನ್ನ ಅಚ್ಚುಮೆಚ್ಚಿನದು. ಬುದ್ಧಾಸ್ ಬೆಲ್ಲಿ ಎಂದು ನರ್ಸರಿಗಳಲ್ಲಿ ಕರೆಯುವ ಬಂಬೂಸಾ ವೆಂಟ್ರಿಕೋಸಾ. ಸಸ್ಯಶಾಸ್ತ್ರಜ್ಞ ಮೆಕ್‌ಕ್ಲೂರ್ 1938ರಲ್ಲಿ ಇದಕ್ಕೆ ಈ ಹೆಸರಿಟ್ಟರು, ವೆಂಟ್ರಿಕೋಸಾ ಎಂದರೆ ಹೊಟ್ಟೆ ಉಬ್ಬಿದ್ದು. ಒಂದು ಗೆಣ್ಣಿಗೂ ಇನ್ನೊಂದಕ್ಕೂ ನಡುವಿನ ಭಾಗ ಪುಟ್ಟ ಹೂಜಿಯಂತೆ ಊದಿಕೊಳ್ಳುತ್ತದೆ. ಆದರೆ ಆ ಉಬ್ಬು ಗಿಡದ ಜೊತೆಯಲ್ಲೇ ಬರುವುದಿಲ್ಲ, ಗಿಡ ಇಕ್ಕಟ್ಟಿನಲ್ಲಿದ್ದರೆ ಮಾತ್ರ ಬರುತ್ತದೆ. ನೆಲದಲ್ಲಿ ಸುಖವಾಗಿ ಬೆಳೆದರೆ ಇದೇ ಬಿದಿರು ನೆಟ್ಟಗೆ, ಬೇರೆ ದೊಡ್ಡ ಬಿದಿರುಗಳ ಹಾಗೆ, ಹಲವು ಮೀಟರ್ ಏರಿಬಿಡುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದು ಒಂದೇ ಮೆಳೆಯನ್ನು ಎರಡು ಹೋಳು ಮಾಡಿದೆ. ಒಂದು ಹೋಳಿಗೆ ದೊಡ್ಡ ಕುಂಡ, ಧಾರಾಳವಾದ ಗೊಬ್ಬರ, ದಿನವೂ ನೀರು. ಇನ್ನೊಂದಕ್ಕೆ 8 ಸೆಂಟಿಮೀಟರ್ ಆಳದ ಕುಂಡ, ಕಳಲೆ ಏಳುವ ಕಾಲದಲ್ಲಿ ಗೊಬ್ಬರ ಪೂರ್ತಿ ಬಂದ್, ಎಲೆಯ ಅಂಚು ಒಳಕ್ಕೆ ಸುರುಳಿಯಾಗಲು ತೊಡಗಿದ ಮೇಲಷ್ಟೇ ನೀರು. ಆ ವರ್ಷ ದೊಡ್ಡ ಕುಂಡದಲ್ಲಿ ಬಂದ ಕಳಲೆಗಳೆಲ್ಲ ಕೋಲಿನಂತೆ ನೆಟ್ಟಗೆ ಎದ್ದವು. ಚಿಕ್ಕ ಕುಂಡದಲ್ಲಿ ಬಂದ ಐದರಲ್ಲಿ ಎರಡು ಒಣಗಿ ಹೋದವು, ಮೂರು ಉಳಿದವು. ಆ ಮೂರರಲ್ಲೂ ಕೆಳಗಿನ ನಾಲ್ಕೈದು ಗೆಣ್ಣುಗಳ ನಡುವೆ ಹೊಟ್ಟೆ ಸ್ಪಷ್ಟವಾಗಿ ಕಾಣುತ್ತಿತ್ತು. ಮರುವರ್ಷ ದೊಡ್ಡ ಕುಂಡದ ಹೋಳನ್ನೂ ಇಕ್ಕಟ್ಟಿಗೆ ತಂದೆ. ನೆಟ್ಟಗಿದ್ದ ಹಳೆಯ ಗಳಗಳಲ್ಲಿ ಒಂದೂ ಬದಲಾಗಲಿಲ್ಲ, ಹೊಸದಾಗಿ ಬಂದವು ಮಾತ್ರ ಉಬ್ಬಿದವು. ಉಬ್ಬಿದ ಗಳವಿರುವ ಗಿಡವನ್ನು ಕೊಂಡು ತಂದು ಚೆನ್ನಾಗಿ ಸಾಕಿ, ಮುಂದೆ ನೆಟ್ಟನೆಯ ಗಳ ಬಂದಾಗ ನರ್ಸರಿಯವರು ಬೇರೆ ಗಿಡ ಕೊಟ್ಟರೆಂದು ಬೇಸರಿಸುವವರು ಇದನ್ನು ಗಮನಿಸಬೇಕು.

ವೆಂಟ್ರಿಕೋಸಾದ ಕೊರತೆ ಎಲೆಯಲ್ಲಿದೆ. ನೆಲದಲ್ಲಿ ಎಲೆ 9ರಿಂದ 18 ಸೆಂಟಿಮೀಟರ್ ಉದ್ದ ಬರುತ್ತದೆ. ಕುಂಡದಲ್ಲಿ ಕಿರಿದಾದರೂ ಒಂದು ಅಡಿ ಎತ್ತರದ ಗಳದ ಮೇಲೆ ಆ ಎಲೆ ಬಾವುಟದ ಹಾಗೆ ಕಾಣುತ್ತದೆ. ಹಾಗಾಗಿ ಸಾಮಾನ್ಯವಾಗಿ ನಾನು ಇದನ್ನು 50 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದಲ್ಲಿ ಇಡುವುದಿಲ್ಲ, ಕೆಳಗಿನ ಕೊಂಬೆಗಳನ್ನೆಲ್ಲ ತೆಗೆದು ಉಬ್ಬುಗಳು ಬರಿದಾಗಿ ಕಾಣುವಂತೆ ಬಿಡುತ್ತೇನೆ. ಎಲೆ ಮೇಲೆ ಉಳಿಯಲಿ, ಹೊಟ್ಟೆ ಕೆಳಗೆ ಮೆರೆಯಲಿ.

ಎಲೆಯ ವಿಷಯದಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ಬಂಬೂಸಾ ಮಲ್ಟಿಪ್ಲೆಕ್ಸ್‌ನ ರಿವಿಯೆರೋರಂ ಎಂಬ ಬಗೆ. ಚೈನೀಸ್ ಗಾಡೆಸ್ ಎಂದು ಮಾರುತ್ತಾರೆ. ಎಲೆ ಎರಡು ಮೂರು ಸೆಂಟಿಮೀಟರ್ ಅಷ್ಟೇ, ಒಂದೊಂದು ರೆಂಬೆಯ ಎರಡೂ ಬದಿಗೆ ಹತ್ತಿಪ್ಪತ್ತು ಎಲೆ ಸಾಲಾಗಿ, ಜರೀಗಿಡದ ಗರಿಯಂತೆ. ಇದರ ಗಳ ಟೊಳ್ಳಲ್ಲ, ಒಳಗೂ ಗಟ್ಟಿ. ಈ ಒಂದು ಗುಣ ಬೋನ್ಸಾಯ್‌ನಲ್ಲಿ ಎಷ್ಟು ಉಪಕಾರಿ ಎಂಬುದು ತಂತಿ ಸುತ್ತಿದವರಿಗೆ ಗೊತ್ತಾಗುತ್ತದೆ. ಟೊಳ್ಳು ಗಳವನ್ನು ತಂತಿ ಹಾಕಿ ಬಗ್ಗಿಸಿದರೆ ಒಂದು ಹಂತದವರೆಗೆ ಸುಮ್ಮನಿದ್ದು ಆಮೇಲೆ ಚಪ್ಪಟೆಯಾಗಿ ಸೀಳುತ್ತದೆ. ಇದು ಹೊಸತಿನಲ್ಲಿ ಸಾಕಷ್ಟು ಬಾಗುತ್ತದೆ, ಎರಡು ಮೂರು ತಿಂಗಳು ತಂತಿ ಇದ್ದರೆ ಬಾಗಿದಲ್ಲೇ ನಿಲ್ಲುತ್ತದೆ. ಗಾಳಿ ಒಂದೇ ದಿಕ್ಕಿನಿಂದ ಬೀಸುತ್ತಿರುವಂತೆ ಏಳು ಗಳಗಳ ಒಂದು ತೋಪನ್ನು ಹೀಗೆ ಕಟ್ಟಿದ್ದೇನೆ. ನಾಲ್ಕೂ ಕುಂಡಗಳಲ್ಲಿ ನೋಡಿದವರು ಮೊದಲು ನಿಲ್ಲುವುದು ಇದರ ಮುಂದೆ.

ದೂರೊಂದಿದೆ. ಇದು ಕಳಲೆಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಕೊಡುತ್ತದೆ, ಅದೂ ಬುಡಕ್ಕೆ ಅಂಟಿಕೊಂಡೇ. ಒಂದು ವರ್ಷ ಕೈ ಬಿಟ್ಟರೆ ತೋಪು ಹೋಗಿ ಪೊರಕೆಯಾಗುತ್ತದೆ. ಬೆರಳಷ್ಟು ಎತ್ತರ ಬರುವಷ್ಟರಲ್ಲಿ ಹತ್ತರಲ್ಲಿ ಏಳು ಕಳಲೆಗಳನ್ನು ಮುರಿದು ತೆಗೆಯುತ್ತೇನೆ. ಮನಸ್ಸಿಗೆ ಕಷ್ಟವಾದರೂ ಗಳಗಳ ನಡುವೆ ಬೆಳಕು ಕಾಣದಿದ್ದರೆ ಅದು ತೋಪೇ ಅಲ್ಲ.

ಮೂರನೆಯದು ಫಿಲೋಸ್ಟ್ಯಾಕಿಸ್ ಆರಿಯಾ, ಗೋಲ್ಡನ್ ಬ್ಯಾಂಬೂ. ಮೇಲಿನ ಎರಡೂ ಮೆಳೆ ಕಟ್ಟುವ ಬಿದಿರುಗಳು. ಅವುಗಳ ನೆಲದಡಿಯ ಕಾಂಡ ಗಿಡ್ಡ, ಹೊಸ ಗಳ ತಾಯಿಯ ಪಕ್ಕದಲ್ಲೇ ಏಳುತ್ತದೆ. ಇದು ಹರಿದಾಡುವ ಬಿದಿರು. ನೆಲದಡಿಯಲ್ಲಿ ಉದ್ದಕ್ಕೆ ಓಡಿ ಎಲ್ಲೆಲ್ಲೋ ಮೊಳೆಯುತ್ತದೆ. ಕುಂಡದಲ್ಲಿ ಓಡಲು ಜಾಗವಿಲ್ಲದೆ ಅಂಚನ್ನು ಹಿಡಿದು ಸುತ್ತು ಹಾಕುತ್ತದೆ. ನನ್ನ ಮಣ್ಣಿನ ಕುಂಡವೊಂದನ್ನು ಮೂರನೆಯ ವರ್ಷ ಇದು ಸೀಳಿತು. ಇದನ್ನು ಇಷ್ಟಪಡುವವರು ಇಷ್ಟಪಡುವುದು ಬುಡದ ಗೆಣ್ಣುಗಳಿಗಾಗಿ. ಕೆಲವು ಗಳಗಳ ಬುಡದಲ್ಲಿ ಗೆಣ್ಣುಗಳು ಒತ್ತೊತ್ತಾಗಿ, ಓರೆಯಾಗಿ ಹೆಣೆದಂತೆ ಬರುತ್ತವೆ, ಪುಟ್ಟ ಗಳಕ್ಕೂ ವಯಸ್ಸಾದ ಕಳೆ ಬರುತ್ತದೆ. ಆದರೆ ಎಲ್ಲ ಗಳಗಳಲ್ಲೂ ಅದು ಬರುವುದಿಲ್ಲ, ಬರಿಸುವ ಉಪಾಯವೂ ನನ್ನ ಕೈಗೆ ಸಿಗಲಿಲ್ಲ. ನಾಲ್ಕು ವರ್ಷದಲ್ಲಿ ಅಂಥ ಎರಡೇ ಗಳ ಕಂಡೆ. ಇದರ ಗೆಣ್ಣಿಗೆ ಸಾಮಾನ್ಯವಾಗಿ ಎರಡೇ ಕೊಂಬೆ, ಬಂಬೂಸಾಗಳಲ್ಲಾದರೆ ಒಂದು ಗೊಂಚಲು. ಹಾಗಾಗಿ ಇದರ ಸೊಪ್ಪು ಎಂದೂ ತುಂಬಿದಂತೆ ಕಾಣುವುದಿಲ್ಲ. ತೆಳುವಾದ, ಚಿತ್ರದಲ್ಲಿ ಬರೆದಂಥ ಬಿದಿರು ಬೇಕೆನ್ನುವವರಿಗೆ ಅದೇ ಚೆಲುವು. ನನಗೆ ಆ ಚೆಲುವಿಗಿಂತ ಪ್ರತಿವರ್ಷ ಬೇರು ಗರಗಸದಿಂದ ಕೊಯ್ಯುವ ದುಡಿಮೆ ಹೆಚ್ಚೆನಿಸಿತು.

ನಾಲ್ಕನೆಯದಾದ ಪ್ಲಿಯೋಬ್ಲಾಸ್ಟಸ್‌ನ ಕುಳ್ಳ ಬಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೆಲದಲ್ಲೇ ಮೊಣಕಾಲೆತ್ತರಕ್ಕೆ ನಿಲ್ಲುವ ಗಿಡ, ಕುಗ್ಗಿಸುವ ಶ್ರಮವೇ ಇಲ್ಲ. ಚಳಿಗಾಲದ ಕೊನೆಯಲ್ಲಿ ಪೂರ್ತಿ ಬುಡಕ್ಕೆ ಕತ್ತರಿಸಿದರೂ ಹೊಸದಾಗಿ ಚಿಗುರಿ ತಟ್ಟೆ ತುಂಬುತ್ತದೆ. ಆದರೆ ಗಳ ಕಡ್ಡಿಯಷ್ಟು ಸಣ್ಣ, ನೋಡಿದವರಿಗೆ ಬಿದಿರಿನ ತೋಪು ನೆನಪಾಗುವುದಿಲ್ಲ, ಹುಲ್ಲು ನೆನಪಾಗುತ್ತದೆ. ಬೇರೆ ಬೋನ್ಸಾಯ್‌ನ ಪಕ್ಕದಲ್ಲಿಡುವ ಪುಟ್ಟ ಹಸಿರು ತಟ್ಟೆಯಾಗಿ ಅದು ಸೊಗಸು.

ಯಾವ ಬಿದಿರು ಎಂಬಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ, ಅದನ್ನು ಗಿಡ್ಡ ಮಾಡುವುದು ಹೇಗೆ ಎಂಬುದು. ಎರಡು ದಾರಿಗಳನ್ನು ಒಂದೇ ಗಿಡದ ಮೇಲೆ, ಒಂದೇ ಋತುವಿನಲ್ಲಿ ಹೋಲಿಸಿದ್ದೇನೆ. ಸುಲಭದ್ದು ತುದಿ ಕತ್ತರಿಸುವುದು. ಕಳಲೆ ಬೇಕಾದ ಎತ್ತರಕ್ಕೆ ಬಂದಾಗ ಒಂದು ಗೆಣ್ಣಿನ ತುಸು ಮೇಲೆ ಕತ್ತರಿಸಿದರೆ ಆ ಗಳ ಮತ್ತೆಂದೂ ಮೇಲೇರುವುದಿಲ್ಲ, ಬದಿಗಳಲ್ಲಿ ಕೊಂಬೆ ಒಡೆಯುತ್ತದೆ. ಸಾಯುವ ಭಯ ಕಡಿಮೆ. ಆದರೆ ಕತ್ತರಿಸಿದ ಗಳ ಕತ್ತರಿಸಿದ ಹಾಗೇ ಕಾಣುತ್ತದೆ, ಗೆಣ್ಣುಗಳ ನಡುವಿನ ಅಂತರವೂ ದೊಡ್ಡ ಬಿದಿರಿನದ್ದೇ.

ಇನ್ನೊಂದು ದಾರಿ ಪೊರೆ ಸುಲಿಯುವುದು. ಬಿದಿರಿನ ಪ್ರತಿ ಗೆಣ್ಣಿನಿಂದಲೂ ಒಂದು ಪೊರೆ ಹುಟ್ಟಿ ಮೇಲಿನ ಎಳೆಯ ಭಾಗವನ್ನು ಸುತ್ತಿ ಹಿಡಿದಿರುತ್ತದೆ. ಗಳ ಉದ್ದವಾಗುವುದು ತುದಿಯಲ್ಲಿ ಮಾತ್ರವಲ್ಲ, ಪ್ರತಿ ಗೆಣ್ಣಿನ ಮೇಲಿರುವ ಮೆತ್ತನೆಯ ಪಟ್ಟಿಯಲ್ಲೂ. ಆ ಪಟ್ಟಿಗೆ ಆಸರೆಯಾಗಿರುವುದು ಈ ಪೊರೆ. ಬೆಳವಣಿಗೆ ಮುಗಿಯುವ ಮುನ್ನ ಪೊರೆಯನ್ನು ತೆಗೆದರೆ ಆ ಭಾಗ ಅಲ್ಲಿಗೇ ಗಿಡ್ಡವಾಗಿ ನಿಂತು ಗಟ್ಟಿಯಾಗುತ್ತದೆ. ಹೀಗೆ ಬುಡದಿಂದ ಒಂದೊಂದಾಗಿ ಮೇಲೆ ಹೋದರೆ ಗೆಣ್ಣುಗಳು ಹತ್ತಿರ ಹತ್ತಿರ ಬಂದು, ತುದಿಯನ್ನು ಮುಟ್ಟದೆಯೇ, ಇಡೀ ಗಳ ಕಿರಿದಾಗಿ ಬೆಳೆಯುತ್ತದೆ.

ಮಾತಿನಲ್ಲಿ ಹೇಳಿದಷ್ಟು ಹಗುರವಲ್ಲ ಈ ಕೆಲಸ. ಪೊರೆಯೊಳಗಿನ ಭಾಗ ಬೆಳ್ಳಗೆ, ಎಳೆ ಸೌತೆಯಷ್ಟು ಪೆಡಸು. ಮೊದಲ ಋತುವಿನಲ್ಲಿ ಒಂಬತ್ತು ಕಳಲೆಗಳಲ್ಲಿ ಆರು ನನ್ನ ಕೈಯಲ್ಲೇ ಮುರಿದವು ಅಥವಾ ಕೊಳೆತವು. ತಪ್ಪು ಆತುರದ್ದು, ಒಂದೇ ದಿನ ಮೂರು ನಾಲ್ಕು ಪೊರೆ ಸುಲಿದಿದ್ದೆ. ಈಗ ಕಳಲೆ ಹೆಬ್ಬೆರಳಷ್ಟು ಎತ್ತರ ಬಂದಾಗ ಶುರು ಮಾಡುತ್ತೇನೆ. ತೀರ ಕೆಳಗಿನ ಪೊರೆಯ ಅಂಚನ್ನು ಚಿಮುಟದಲ್ಲಿ ಹಿಡಿದು ಬುಡದ ಸುತ್ತ ತಿರುಗಿಸುತ್ತ ಬಿಡಿಸುತ್ತೇನೆ, ಕೆಳಕ್ಕೆ ಎಳೆಯುವುದಿಲ್ಲ. ಬಯಲಾದ ಭಾಗ ಹಸಿರಿಗೆ ತಿರುಗುವವರೆಗೆ, ಅಂದರೆ ಒಂದೆರಡು ದಿನ, ಮುಂದಿನದನ್ನು ಮುಟ್ಟುವುದಿಲ್ಲ. ಆ ದಿನಗಳಲ್ಲಿ ಸುಡುಬಿಸಿಲಿನಿಂದಲೂ ಗಾಳಿಯಿಂದಲೂ ಕುಂಡವನ್ನು ಮರೆಯಲ್ಲಿಡುತ್ತೇನೆ, ಕಳಲೆಯ ಮೇಲೆ ನೀರು ಬೀಳದಂತೆ ಬುಡಕ್ಕೆ ಮಾತ್ರ ಹನಿಸುತ್ತೇನೆ. ಕಳೆದ ಋತುವಿನಲ್ಲಿ ಎಂಟರಲ್ಲಿ ಆರು ಉಳಿದವು. ಅದರಲ್ಲೊಂದು ವೆಂಟ್ರಿಕೋಸಾ ಗಳ 30 ಸೆಂಟಿಮೀಟರ್ ಎತ್ತರದಲ್ಲಿ ಹದಿಮೂರು ಗೆಣ್ಣು ಹೊತ್ತು ನಿಂತಿದೆ. ಅದೇ ಕುಂಡದಲ್ಲಿ ತುದಿ ಕತ್ತರಿಸಿದ ಗಳಕ್ಕೆ ಅಷ್ಟೇ ಎತ್ತರದಲ್ಲಿ ಐದು ಗೆಣ್ಣು. ಎರಡನ್ನೂ ಪಕ್ಕಪಕ್ಕದಲ್ಲಿ ನೋಡಿದ ಮೇಲೆ ವೆಂಟ್ರಿಕೋಸಾಗೆ ನಾನು ಕತ್ತರಿ ಹಿಡಿದಿಲ್ಲ. ರಿವಿಯೆರೋರಂಗೆ ಮಾತ್ರ ಕತ್ತರಿಯೇ ಸಾಕು. ಅದರ ದಟ್ಟ ಎಲೆ ಕತ್ತರಿಸಿದ ಗುರುತನ್ನು ಒಂದೇ ತಿಂಗಳಲ್ಲಿ ಮುಚ್ಚುತ್ತದೆ, ಅದರ ಸಪೂರ ಕಳಲೆಯ ಪೊರೆ ಸುಲಿಯುವುದು ನನ್ನ ಬೆರಳಿಗೆ ಅಸಾಧ್ಯ.

ಆರೈಕೆಯಲ್ಲಿ ನಾಲ್ಕಕ್ಕೂ ವ್ಯತ್ಯಾಸ ಕಡಿಮೆ. ಬಿಸಿಲು ಬೇಕು, ಕಿಟಕಿಯೊಳಗೆ ಒಂದು ತಿಂಗಳಿಟ್ಟ ಗಿಡದ ಎಲೆಗಳ ಕೆಳಗೆ ಜೇಡನುಸಿ ಹತ್ತಿ, ಅದನ್ನು ತೊಳೆದು ತೊಳೆದು ಮುಗಿಸಲು ಇಡೀ ಋತು ಹಿಡಿಯಿತು. ಮಣ್ಣು ನೀರನ್ನು ಹಿಡಿಯಬೇಕು, ಆದರೆ ನಿಲ್ಲಿಸಬಾರದು. ಜರಡಿ ಹಿಡಿದ ದಪ್ಪ ಮರಳು ಅಥವಾ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು ಎರಡು ಪಾಲು, ಕಳಿತ ಎಲೆಗೊಬ್ಬರ ಒಂದು ಪಾಲು ನನಗೆ ಹಿಡಿಸಿದೆ. ಸಾರಜನಕ ಹೆಚ್ಚಿರುವ ಗೊಬ್ಬರವನ್ನು ಕಳಲೆ ಬೆಳೆದು ಕೊಂಬೆ ಬಿಚ್ಚಿದ ಮೇಲಷ್ಟೇ ಕೊಡಬೇಕು, ಮೊದಲೇ ಕೊಟ್ಟರೆ ಗೆಣ್ಣುಗಳ ಅಂತರ ಹಿಗ್ಗುತ್ತದೆ. ಉದುರಿದ ಎಲೆಯನ್ನು ಗುಡಿಸಿ ಬಿಸಾಡಬೇಡಿ. ಬಿದಿರಿಗೆ ಬೇಕಾದ ಸಿಲಿಕಾ ಅದರಲ್ಲಿದೆ, ಪುಡಿ ಮಾಡಿ ಕುಂಡಕ್ಕೇ ಹಾಕಿ. ಮೆಳೆ ಕಟ್ಟುವವನ್ನು ಎರಡು ವರ್ಷಕ್ಕೊಮ್ಮೆ, ಹರಿದಾಡುವವನ್ನು ಪ್ರತಿವರ್ಷ, ಕಳಲೆ ಏಳುವ ಮುನ್ನ ಕುಂಡದಿಂದ ಬಿಡಿಸಿ ಬೇರು ಕೊಯ್ದು ನೆಡಬೇಕು. ಪ್ರತಿ ಹೋಳಿನಲ್ಲೂ ಬೇರು, ಮೊಗ್ಗಿರುವ ನೆಲದಡಿಯ ಕಾಂಡ, ಒಂದಾದರೂ ಗಳ, ಮೂರೂ ಇರಲಿ. ಆ ಹೊತ್ತಿನಲ್ಲಿ ಬೇರು ಒಣಗಲು ಬಿಡಬಾರದು. ನಾನು ಒದ್ದೆ ಬಟ್ಟೆ ಸುತ್ತಿಟ್ಟುಕೊಂಡೇ ಕೆಲಸ ಮಾಡುತ್ತೇನೆ.

ನಾಲ್ಕು ವರ್ಷ ದಾಟಿದ ಗಳಗಳನ್ನು ಎಷ್ಟೇ ಚೆನ್ನಾಗಿದ್ದರೂ ಬುಡಕ್ಕೆ ಕತ್ತರಿಸುತ್ತೇನೆ. ಅವು ಮಂಕಾಗುವ ಮುನ್ನ ಅವುಗಳ ಜಾಗಕ್ಕೆ ಹೊಸತು ಬಂದಿರಬೇಕು.

ಈಗ ಯಾರಾದರೂ ಒಂದೇ ಒಂದು ಬಿದಿರು ಹೇಳಿ ಎಂದರೆ ರಿವಿಯೆರೋರಂ ಎನ್ನುತ್ತೇನೆ. ಮೊದಲ ವರ್ಷದಲ್ಲೇ ಅದು ನೋಡುವಂತಾಗುತ್ತದೆ, ತಪ್ಪುಗಳನ್ನು ಮನ್ನಿಸುತ್ತದೆ. ನನ್ನ ಮೇಜಿನ ಹತ್ತಿರದ ಜಾಗ ಮಾತ್ರ ವೆಂಟ್ರಿಕೋಸಾದ್ದು. ಅದನ್ನು ಬೆಳೆಸುವವರಿಗೆ ನನ್ನ ಕೋರಿಕೆ ಒಂದೇ: ಕಳಲೆ ಏಳುವ ವಾರಗಳಲ್ಲಿ ಮನೆಯಲ್ಲಿರಲು ಆಗದಿದ್ದರೆ ಆ ವರ್ಷ ಪೊರೆಗೆ ಕೈ ಹಾಕಬೇಡಿ, ಗಿಡವನ್ನು ಅದರ ಪಾಡಿಗೆ ಬೆಳೆಯಲು ಬಿಟ್ಟು ಮುಂದಿನ ಕಳಲೆಗೆ ಕಾಯಿರಿ.